ಇ2 ಮನೆಯ ಮಂತ್ರಿ

ಕಳೆದ ತಿಂಗಳ ಒಂದು ಭಾನುವಾರ, ಕಾಞಂಗಾಡಿನಲ್ಲಿ ನಡೆದ ಕ್ಷಿಪ್ರ ಚೆಸ್ ಪಂದ್ಯಾವಳಿಯ ನಾಲ್ಕನೆಯ ಸುತ್ತಿನಲ್ಲಿ, ಹತ್ತು ವರ್ಷದ ಹುಡುಗಿಯೊಬ್ಬಳ ಎದುರು ಕಪ್ಪು ಕಾಯಿಗಳನ್ನಿಟ್ಟುಕೊಂಡು ಕುಳಿತಿದ್ದ ನಾನು ಮೂರನೆಯ ನಡೆಯಲ್ಲೇ ಮುಟ್ಟಬಾರದ ಕಾಯಿಯನ್ನು ಮುಟ್ಟಿದೆ. ಅವಳು ರಾಜನ ಮುಂದಿನ ಪದಾತಿಯನ್ನು ಇ4ಕ್ಕೆ ತಂದಿದ್ದಳು, ನಾನು ನನ್ನದನ್ನು ಇ5ಕ್ಕೆ (ಹಲಗೆಯ ಪ್ರತಿ ಮನೆಗೂ ಹೀಗೆ ಒಂದು ಅಕ್ಷರ, ಒಂದು ಅಂಕಿಯ ಹೆಸರು; ಬಿಳಿಯವರ ಕಡೆಯಿಂದ ಎಣಿಕೆ). ಅವಳ ಕುದುರೆ ಎಫ್3ಕ್ಕೆ ಹಾರಿತ್ತು, ನನ್ನದು ಎಫ್6ಕ್ಕೆ. ಅವಳ ಕುದುರೆ ನನ್ನ ಇ5ರ ಪದಾತಿಯನ್ನು ಹೊಡೆಯಿತು. ಒಡನೆಯೇ ನನ್ನ ಬಲಗೈ, ನನ್ನನ್ನು ಒಂದು ಮಾತೂ ಕೇಳದೆ, ಎಫ್6ರ ಕುದುರೆಯ ಕಿವಿಯನ್ನು ಹಿಡಿಯಿತು. ಈ ಓಪನಿಂಗನ್ನು, ಅಂದರೆ ಆಟದ ಆರಂಭದ ಈ ನಡೆಗಳ ಕ್ರಮವನ್ನು, ನಾನು ಮೂವತ್ತು ವರ್ಷಗಳಿಂದ ಬಲ್ಲೆ. ಇಲ್ಲಿ ಮೊದಲು ಡಿ7ರ ಪದಾತಿಯನ್ನು ಡಿ6ಕ್ಕೆ ನಡೆಸಿ ಆ ಕುದುರೆಯನ್ನು ಅಟ್ಟಬೇಕು, ಆಮೇಲಷ್ಟೇ ಇ4ರ ಪದಾತಿಗೆ ಕೈ ಹಾಕಬೇಕು ಎಂಬುದನ್ನು ನನ್ನ ತಂಗಿಯ ಮಗನಿಗೆ ಕಲಿಸಿದವನೂ ನಾನೇ. ಆದರೂ ಕೈ ಹೋಗಿತ್ತು. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬುದು ಚೆಸ್ಸಿನ ಕಟ್ಟುನಿಟ್ಟಾದ ನಿಯಮ. ಕಾಯಿ ಓರೆಯಾಗಿತ್ತು, ಸರಿಪಡಿಸಿದೆ ಎಂದು ಹೇಳಿ ಜಾರಿಕೊಳ್ಳುವವರೂ ಇದ್ದಾರೆ; ಹಾಗೆನ್ನಬೇಕಾದರೆ ಮುಟ್ಟುವುದಕ್ಕೆ ಮೊದಲೇ ಹೇಳಿರಬೇಕು, ಮತ್ತು ಎದುರಿಗೆ ಕುಳಿತಿದ್ದದ್ದು ಹತ್ತು ವರ್ಷದ ಮಗು.

ಆ ಆಟ ಹೇಗೆ ಮುಗಿಯಿತೆಂಬುದನ್ನು ಮುಂದೆ ಹೇಳುತ್ತೇನೆ. ಅಂದಿನಿಂದ ನನ್ನನ್ನು ಕೊರೆಯುತ್ತಿರುವುದು ಫಲಿತಾಂಶವಲ್ಲ, ಆ ಕೈ. ತಲೆ ಕಲಿತದ್ದನ್ನು ಕೈ ಕಲಿತಿರಲಿಲ್ಲವೇ? ಅಥವಾ ತಲೆಗಿಂತ ಮೊದಲೇ ಕಲಿತದ್ದೇನನ್ನೋ ಅದು ಮೂವತ್ತು ವರ್ಷ ಬಿಡದೆ ಇಟ್ಟುಕೊಂಡಿತ್ತೇ? ರಾತ್ರಿ ರೈಲಿನಲ್ಲಿ ಕಾಸರಗೋಡಿಗೆ ಮರಳುವಾಗ ಚಂದ್ರಗಿರಿ ಹೊಳೆಯ ಸೇತುವೆಯ ಮೇಲೆ ಬೋಗಿಗಳ ಸದ್ದು ಬದಲಾಯಿಸಿದ ಹೊತ್ತಿಗೆ, ಇದೇ ಓಪನಿಂಗಿನಲ್ಲಿ ಇದೇ ಮೂರನೆಯ ನಡೆಯಲ್ಲಿ ನಾನು ಸೋತ ಮೊದಲ ಪಂದ್ಯ ಒಂದೊಂದು ಕಾಯಿಯಾಗಿ ನೆನಪಿಗೆ ಬಂತು.

ಕರಿಗೋಟಿನ ಕಾಲಾಳುಗಳು

ನನಗೆ ಆಟ ಕಲಿಸಿದ್ದು ಅಜ್ಜ. ಬದಿಯಡ್ಕದ ಕಡೆಯ ನಮ್ಮ ಮನೆಯ ಜಗಲಿಯಲ್ಲಿ, ಅಡಿಕೆ ಸುಲಿಯುವವರು ಊಟಕ್ಕೆ ಎದ್ದ ಹೊತ್ತಿನಲ್ಲಿ, ಹಲಗೆಯ ಮೇಲೆ ಮಸಿಯಿಂದ ಗೆರೆ ಎಳೆದ ಅರುವತ್ತನಾಲ್ಕು ಮನೆಗಳ ಸುತ್ತ ನಾವು ಕೂರುತ್ತಿದ್ದೆವು. ಕಾಯಿಗಳನ್ನು ಹಲಸಿನ ಮರದಲ್ಲಿ ಆಚಾರಿಯೊಬ್ಬರು ಕಡೆದುಕೊಟ್ಟಿದ್ದರಂತೆ. ನನ್ನ ಕಾಲಕ್ಕೆ ಬರುವಾಗ ರಾಜ, ಮಂತ್ರಿ, ಆನೆ, ಒಂಟೆ, ಕುದುರೆಗಳಷ್ಟೇ ಉಳಿದಿದ್ದವು, ಕಾಲಾಳುಗಳು ಮಕ್ಕಳ ಕೈಗೆ ಸಿಕ್ಕಿ ಎಲ್ಲೆಲ್ಲೋ ಹೋಗಿದ್ದವು. ಅವುಗಳ ಜಾಗಕ್ಕೆ ಅಜ್ಜ ಅಡಿಕೆಯನ್ನೇ ಇಡುತ್ತಿದ್ದರು: ಬಿಳಿಯ ಪಡೆಗೆ ಒಳ್ಳೆಯ ಚಾಲಿ, ಕಪ್ಪಿಗೆ ಕರಿಗೋಟು. ಮಂಡಿಯಲ್ಲಿ ಬೆಲೆ ಸಿಗದ ಕರಿಗೋಟಿಗೆ ಇಡೀ ವರ್ಷದಲ್ಲಿ ಮರ್ಯಾದೆ ದೊರೆಯುತ್ತಿದ್ದದ್ದು ಆ ಹಲಗೆಯ ಮೇಲೆ ಮಾತ್ರ.

ಅಜ್ಜನ ಚದುರಂಗ ಇಂದಿನ ಚೆಸ್ಸಲ್ಲ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ನಡೆಯಬೇಕು. ನನ್ನ ರಾಜನಿಗೆ ಎದುರಾಗಿ ನಿಲ್ಲುವುದು ಅಜ್ಜನ ರಾಜನಲ್ಲ, ಅವರ ಮಂತ್ರಿ. ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವ ಕ್ಯಾಸ್ಲಿಂಗ್ ಇಲ್ಲ, ಬದಲಿಗೆ, ಅದುವರೆಗೆ ಚೆಕ್, ಅಂದರೆ ಎದುರಾಳಿಯ ಕಾಯಿಯ ನೇರ ಬೆದರಿಕೆ, ಬೀಳದ ರಾಜನಿಗೆ ಇಡೀ ಆಟದಲ್ಲಿ ಒಮ್ಮೆ ಕುದುರೆಯಂತೆ ಹಾರುವ ಹಕ್ಕು. ಇಂಥ ನಿಯಮಗಳ ಆಟ ಒಂದು ಕಾಲದಲ್ಲಿ ದೇಶದ ಹಲವೆಡೆ ರೂಢಿಯಲ್ಲಿತ್ತು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಅದರಲ್ಲೇ ಪಳಗಿ 1929ರಲ್ಲಿ ಇಂಗ್ಲೆಂಡಿಗೆ ಹೋಗಿ, ಅದೇ ವರ್ಷ ಬ್ರಿಟಿಷ್ ಚಾಂಪಿಯನ್‌ಶಿಪ್ ಗೆದ್ದು, 1932 ಮತ್ತು 1933ರಲ್ಲಿ ಮತ್ತೆರಡು ಬಾರಿ ಗೆದ್ದು, ನಡುವೆ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಪಾಬ್ಲಾಂಕಾನನ್ನೂ ಸೋಲಿಸಿದ. ಅವನ ಬಗ್ಗೆ ಬರೆದವರೆಲ್ಲ ಒಂದು ಮಾತನ್ನು ಹೇಳದೆ ಬಿಡುವುದಿಲ್ಲ: ನಡು ಆಟ, ಕೊನೆಯ ಆಟಗಳಲ್ಲಿ ಅವನಿಗೆ ಸಮನಾದವರು ವಿರಳ, ಆದರೆ ಆರಂಭದಲ್ಲಿ ಎಡವುತ್ತಿದ್ದ. ಎಡವದೆ ಇನ್ನೇನು? ಪದಾತಿ ಒಂದೊಂದೇ ಹೆಜ್ಜೆ ಇಡುವ ಲೋಕದಲ್ಲಿ ಎರಡು ಪಡೆಗಳೂ ಪರಸ್ಪರ ತಾಗುವುದಕ್ಕೆ ಮುಂಚೆ ಮನೆ ಕಟ್ಟಿಕೊಳ್ಳಲು ಬೇಕಾದಷ್ಟು ಪುರುಸೊತ್ತಿರುತ್ತದೆ. ಎರಡು ಹೆಜ್ಜೆಯ ಲೋಕದಲ್ಲಿ ಮೂರನೆಯ ನಡೆಗೇ ರಕ್ತ ಹರಿಯುತ್ತದೆ. ವಿಶ್ವ ಚೆಸ್ ಒಕ್ಕೂಟವಾದ ಫಿಡೆ ಅವನಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ. ಆ ಹೊತ್ತಿಗೆ ಅವನು ತೀರಿಕೊಂಡು ಐವತ್ತೆಂಟು ವರ್ಷಗಳಾಗಿದ್ದವು.

ಅಜ್ಜ ಆಡುತ್ತಿದ್ದ ರೀತಿಯನ್ನೂ ಇಲ್ಲಿ ಹೇಳಬೇಕು. ಅವರ ಎಡಮಗ್ಗುಲಲ್ಲಿ ಯಾವಾಗಲೂ ಎಲೆತಟ್ಟೆ ಇರುತ್ತಿತ್ತು. ನಾನು ನಡೆಸಿದ ಕೂಡಲೇ ಅವರು ಹಲಗೆಯ ಕಡೆ ನೋಡುತ್ತಲೇ ಒಂದು ವೀಳ್ಯದೆಲೆ ತೆಗೆದು, ತೊಟ್ಟು ಮುರಿದು, ಪಂಚೆಯ ಅಂಚಿಗೆ ಒರಸಿ, ಹಿಂಬದಿಯ ನಾರು ಸುಲಿದು, ತೋರುಬೆರಳಿನಿಂದ ಸುಣ್ಣ ಸವರಿ, ಮಡಚಿ, ಅಡಿಕೆಯ ಹೋಳಿಟ್ಟು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಇಷ್ಟೆಲ್ಲ ಆಗುವ ತನಕ ಎರಡೂ ಕೈಗಳಿಗೆ ಕೆಲಸ. ಸುಣ್ಣದ ಬೆರಳನ್ನು ಕಂಬಕ್ಕೆ ಒರಸಿದ ಮೇಲೆಯೇ ಅವರು ಕಾಯಿ ಮುಟ್ಟುತ್ತಿದ್ದದ್ದು. ಸಣ್ಣ ನಡೆಗಳಿಗೆ ಅರ್ಧ ಎಲೆ, ಮಂತ್ರಿಯನ್ನು ಹೊರಗೆ ತರುವುದಿದ್ದರೆ ಇಡೀ ಎಲೆ. ನಮ್ಮ ಜಗಲಿಯ ಆ ಕಂಬದಲ್ಲಿ ನನ್ನ ಎತ್ತರಕ್ಕೆ ಬಿಳಿಯ ಗೀರುಗಳ ಒಂದು ಪಟ್ಟಿಯೇ ಇತ್ತು.

ಹೊಸದುರ್ಗದ ಹುಡುಗ

1992ರಲ್ಲಿ, ನಾನು ಏಳನೆಯ ತರಗತಿಯಲ್ಲಿದ್ದಾಗ, ಕಾಸರಗೋಡು ಪೇಟೆಯ ಶಾಲೆಯೊಂದರಲ್ಲಿ ಮಕ್ಕಳ ಚೆಸ್ ಪಂದ್ಯಾವಳಿ ನಡೆಯಿತು. ನಮ್ಮ ಕನ್ನಡ ಮಾಧ್ಯಮ ಶಾಲೆಯ ಗಣಿತದ ಮಾಸ್ತರರು ನನ್ನ ಹೆಸರು ಕೊಟ್ಟಿದ್ದರು. ಪಂದ್ಯಕ್ಕೆ ಹದಿನೈದು ದಿನ ಇರುವಾಗ, ನಾನು ಕಲಿತ ಆಟಕ್ಕೂ ಅಲ್ಲಿ ಆಡುವ ಆಟಕ್ಕೂ ವ್ಯತ್ಯಾಸವಿದೆಯೆಂದು ಅವರಿಗೆ ಗೊತ್ತಾಗಿ, ಪದಾತಿಯ ಎರಡು ಹೆಜ್ಜೆಯನ್ನೂ ಕ್ಯಾಸ್ಲಿಂಗನ್ನೂ ಗಡಿಯಾರ ಒತ್ತುವುದನ್ನೂ ಅವಸರದಲ್ಲಿ ಹೇಳಿಕೊಟ್ಟರು. ಎರಡು ಹೆಜ್ಜೆ ನಡೆಯುವ ಪದಾತಿ ನನಗೆ ಕೊನೆಯವರೆಗೂ ಒಂದು ಬಗೆಯ ಅನ್ಯಾಯದಂತೆಯೇ ಕಾಣುತ್ತಿತ್ತು.

ಸೋದರಮಾವನ ಜೊತೆ ಎಡನೀರು, ಚೆರ್ಕಳ ದಾಟಿ ಬಸ್ಸಿನಲ್ಲಿ ಹೋದೆ. ಸಭಾಂಗಣದ ಬಾಗಿಲಲ್ಲಿ ಒಂದು ಅರ್ಜಿ ಕೊಟ್ಟರು. ಅದು ಪೂರ್ತಿ ಮಲಯಾಳದಲ್ಲಿತ್ತು. ಮಲಯಾಳ ಮಾತು ನನಗೆ ಅಂಗಡಿ, ಬಸ್ಸುಗಳ ಮಟ್ಟಿಗೆ ಬರುತ್ತಿತ್ತು, ಲಿಪಿ ಬರುತ್ತಿರಲಿಲ್ಲ, ಮಾವನಿಗೂ ಅಷ್ಟೇ. ಕಾಸರಗೋಡಿನ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇಳಲು ನಾಚಿಕೆಯಾಗಿ, ಪಕ್ಕದ ಬೆಂಚಿನಲ್ಲಿದ್ದ ಹುಡುಗ ಯಾವ ಗೆರೆಯ ಮೇಲೆ ಏನು ಬರೆಯುತ್ತಾನೆಂದು ಓರೆಗಣ್ಣಿನಿಂದ ನೋಡುತ್ತ, ಅವನು ಇಂಗ್ಲಿಷಿನಲ್ಲಿ ಹೆಸರು ಬರೆದಲ್ಲಿ ನನ್ನ ಹೆಸರು, ಶಾಲೆ ಬರೆದಲ್ಲಿ ನನ್ನ ಶಾಲೆ ಬರೆದೆ. ಐದನೆಯ ಗೆರೆಯಲ್ಲಿ ಅವನು ‘ಹೊಸದುರ್ಗ’ ಎಂದು ಬರೆದ. ಅದು ಪಂದ್ಯಾವಳಿಯದೋ ಸಭಾಂಗಣದ್ದೋ ಹೆಸರಿರಬೇಕೆಂದುಕೊಂಡು ನಾನೂ ಹೊಸದುರ್ಗ ಎಂದೇ ಬರೆದೆ. ಅದು ತಾಲೂಕಿನ ಹೆಸರಿನ ಜಾಗ. ಆ ದಿನವಿಡೀ ಮೈಕಿನಲ್ಲಿ ನನ್ನನ್ನು ಹೊಸದುರ್ಗದವನೆಂದೇ ಕರೆದರು. ಭಾಗವಹಿಸಿದ್ದಕ್ಕೆ ಕೊಟ್ಟ ಪ್ರಮಾಣಪತ್ರದಲ್ಲೂ ಹಾಗೆಯೇ ಬರೆದಿದೆ. ಅದು ಈಗಲೂ ಅಮ್ಮನ ಟ್ರಂಕಿನಲ್ಲಿದೆ.

ಮೊದಲ ಸುತ್ತಿನಲ್ಲಿ ನನ್ನೆದುರು ಬಂದು ಕುಳಿತದ್ದು ಅದೇ ಹುಡುಗ. ನನಗೆ ಕಪ್ಪು. ಮೇಜಿನ ಮೇಲೆ ಎರಡು ಮುಖದ ಕೀಲಿ ಗಡಿಯಾರ ಕಟಕಟನೆ ಸದ್ದು ಮಾಡುತ್ತಿತ್ತು. ಅದರ ಮುಳ್ಳಿನ ಹತ್ತಿರ ಒಂದು ಚಿಕ್ಕ ಕೆಂಪು ಬಾವುಟ, ಸಮಯ ಮುಗಿದರೆ ಬೀಳುವಂಥದ್ದು. ನಾನು ಆಟದ ಬಗ್ಗೆ ಯೋಚಿಸುತ್ತಿದ್ದೆನೆಂದರೆ ಸುಳ್ಳಾದೀತು. ಅರ್ಜಿಯಲ್ಲಿ ನಡೆದ ಉಪಾಯ ಇಲ್ಲಿಯೂ ನಡೆದೀತೆಂಬ ನಂಬಿಕೆಯಿಂದ, ಅವನು ಮಾಡಿದ್ದನ್ನೇ ಮಾಡುವುದೆಂದು ತೀರ್ಮಾನಿಸಿಬಿಟ್ಟಿದ್ದೆ. ಅವನು ಎರಡು ಹೆಜ್ಜೆ, ನಾನೂ ಎರಡು ಹೆಜ್ಜೆ. ಅವನ ಕುದುರೆ, ನನ್ನ ಕುದುರೆ. ಅವನು ನನ್ನ ಪದಾತಿಯನ್ನು ಹೊಡೆದ, ನಾನು ಅವನದನ್ನು ಹೊಡೆದೆ. ಆಗ ಅವನು ಮಂತ್ರಿಯನ್ನು ಇ2ಕ್ಕೆ ತಂದಿಟ್ಟ. ಒಂದೇ ಒಂದು ಮನೆ, ರಾಜನ ಮುಂದಕ್ಕೆ. ನನ್ನ ಕುದುರೆಯ ಮೇಲೆ ಮಂತ್ರಿಯ ಕಣ್ಣು ಬಿದ್ದದ್ದು ಕಂಡು ಹೆದರಿ, ಆ ತನಕ ನಿಷ್ಠೆಯಿಂದ ಮಾಡಿಕೊಂಡು ಬಂದಿದ್ದ ನಕಲನ್ನು ಬಿಟ್ಟು, ಕುದುರೆಯನ್ನು ಎಫ್6ಕ್ಕೆ ಎಳೆದುಕೊಂಡೆ. ಅವನ ಕುದುರೆ ಇ5ರಿಂದ ಸಿ6ಕ್ಕೆ ಹಾರಿತು.

ಅದು ಸಿ6ರಲ್ಲಿ ನನ್ನ ಎರಡು ಪದಾತಿಗಳ ಬಾಯಿಯಲ್ಲೇ ಬಂದು ಕುಳಿತಿತ್ತು. ಇವನಿಗೆ ತಲೆ ಕೆಟ್ಟಿದೆಯೆಂದು ಎಣಿಸಿ, ಡಿ7ರ ಪದಾತಿಯಿಂದ ಅದನ್ನು ಹೊಡೆದು ಎತ್ತಿಕೊಂಡೂಬಿಟ್ಟೆ. ಹುಡುಗ ಕೈ ಎತ್ತಿದ. ತೀರ್ಪುಗಾರರಾದ ಆರ್ಬಿಟರ್ ಬಂದು, ನನ್ನ ಮುಷ್ಟಿಯಿಂದ ಕುದುರೆಯನ್ನು ಬಿಡಿಸಿ ಮರಳಿ ಸಿ6ರಲ್ಲಿಟ್ಟು, ಇ ಸಾಲಿನ ಉದ್ದಕ್ಕೆ ಬೆರಳೆಳೆದು ತೋರಿಸಿದರು. ಕುದುರೆ ದಾರಿಯಿಂದ ಸರಿದಿದ್ದರಿಂದ ಇ2ರ ಮಂತ್ರಿ ನೇರವಾಗಿ ನನ್ನ ರಾಜನನ್ನು ನೋಡುತ್ತಿತ್ತು. ನನಗೆ ಚೆಕ್. ಮೊದಲು ರಾಜನನ್ನು ಉಳಿಸಿಕೊಳ್ಳಬೇಕು; ಉಳಿಸಿಕೊಂಡರೆ ಸಿ6ರ ಕುದುರೆ ಡಿ8ರಲ್ಲಿರುವ ನನ್ನ ಮಂತ್ರಿಯನ್ನು ಹೊಡೆಯುತ್ತದೆ. ಐದು ನಡೆ, ಎರಡು ನಿಮಿಷ.

ಮುಗಿದ ಮೇಲೆ ಆ ಹುಡುಗ ಒಳ್ಳೆಯ ಮನಸ್ಸಿನಿಂದಲೇ, ಚೆಕ್ಕಿಗೆ ಅಡ್ಡ ಏನಿಡಬಹುದಿತ್ತೆಂದು ಹೇಳತೊಡಗಿದ. “ಆನ ಈಡ ವೆಚ್ಚೂಡೇ?” ಎಂದು ಇ7ನ್ನು ತೋರಿಸಿದ, ಆನೆಯನ್ನು ಇಲ್ಲಿ ಇಡಬಹುದಿತ್ತಲ್ಲವೇ ಎಂದು. ನಾನು ಮೂಲೆಯಲ್ಲಿ ನಿಂತಿದ್ದ ನನ್ನ ಆನೆಯನ್ನು ನೋಡಿದೆ. ಅದು ಅಲ್ಲಿಂದ ಇ7ಕ್ಕೆ ಬರುವುದು ಯಾವ ಲೆಕ್ಕದಲ್ಲೂ ಸಾಧ್ಯವಿರಲಿಲ್ಲ. ಸೋತವನನ್ನು ಗೇಲಿ ಮಾಡುತ್ತಿದ್ದಾನೆಂದು ಕಣ್ಣಲ್ಲಿ ನೀರು ಬಂತು. ಮಲಯಾಳದಲ್ಲಿ ಮೂಲೆಯ ಕಾಯಿ ತೇರು, ಮತ್ತು ನಾವು ಒಂಟೆ ಎನ್ನುವುದೇ ಅವರ ಆನೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಒಂದೇ ಹಲಗೆಯ ಮೇಲೆ ಅವನ ಆನೆ ಓರೆಯಾಗಿ ನಡೆಯುತ್ತಿತ್ತು, ನನ್ನದು ನೇರವಾಗಿ. (ಒಂಟೆಯನ್ನೇ ಕಾಣದ ನಮ್ಮ ಊರಿನ ಹಲಗೆಗೆ ಒಂಟೆ ಬಂದದ್ದು ಹೇಗೆಂದು ಕೇಳಿದರೆ, ತೇರೆಳೆಯುವ ಊರಿನವರೇ ಆದ ನಾವು ಆಟದಿಂದ ತೇರನ್ನು ಬಿಟ್ಟದ್ದು ಹೇಗೆಂದೂ ಕೇಳಬೇಕಾಗುತ್ತದೆ.)

ಮನೆಗೆ ಬಂದು ಹಲಗೆಯ ಮೇಲೆ ನಡೆದದ್ದನ್ನು ತೋರಿಸಿದಾಗ ಅಜ್ಜ ಮೊದಲ ನಡೆಯಲ್ಲೇ ತಡೆದರು. “ಸುರುವಿಂಗೇ ಎರಡು ಮನೆಯೋ?” ಎಂದು ಚಾಲಿಯನ್ನು ಹಿಂದಕ್ಕಿಟ್ಟರು. ಅವರ ಪ್ರಕಾರ ಆಟ ಕೆಟ್ಟದ್ದೇ ಅಲ್ಲಿ. ಹೇಗೋ ಒಪ್ಪಿಸಿ ಐದೂ ನಡೆ ತೋರಿಸಿದೆ. ಅವರು ಒಂದು ಇಡೀ ಎಲೆಯನ್ನು ಮುಗಿಸಿ, ಬೆರಳನ್ನು ಕಂಬಕ್ಕೆ ಒರಸಿ, “ಅವ ಮಾಡಿದ ಹಾಂಗೇ ಮಾಡಿರೆ ಅಕ್ಕೋ ಮಾಣಿ? ಅವ ಏವಗಳೂ ಒಂದು ಹೆಜ್ಜೆ ಮುಂದೆ ಇರ್ತ ಅಲ್ಲದೋ?” ಎಂದರು. ಅಷ್ಟರಲ್ಲಿ ಸುಲಿಯುವವರು ಊಟ ಮುಗಿಸಿ ಬಂದರು.

ನಕಲಿನ ಲೆಕ್ಕ

ಈ ಓಪನಿಂಗಿಗೆ ಪೆಟ್ರಾಫ್ ಡಿಫೆನ್ಸ್ ಎಂದು ಹೆಸರು, ರಷ್ಯನ್ ಆಟವೆಂದೂ ಹೇಳುತ್ತಾರೆ. ಅದಕ್ಕೆ ಹೆಸರು ಕೊಟ್ಟ ರಷ್ಯದ ಆಟಗಾರ ಅಲೆಕ್ಸಾಂಡರ್ ಪೆಟ್ರೋವ್ ಹುಟ್ಟಿದ್ದು 1794ರಲ್ಲಿ; ಕುದುರೆಯೊಂದನ್ನು ಯಾವ ಮನೆಯನ್ನೂ ಎರಡು ಸಲ ಮೆಟ್ಟದೆ ಅರುವತ್ತನಾಲ್ಕು ಮನೆಗಳಲ್ಲೂ ನಡೆಸುವ ಬಂಧಗಳನ್ನು ರಚಿಸಿದ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದೂ ಅದೇ ವರ್ಷ. ಒಬ್ಬರನ್ನೊಬ್ಬರು ಅರಿಯದ ಇವರಿಬ್ಬರೂ ಕುದುರೆಗೇ ಗಂಟುಬಿದ್ದವರೆಂಬುದು ನನಗೆ ಇಷ್ಟವಾದ ಸಂಗತಿ, ಅದಕ್ಕೆ ಬೇರೆ ಅರ್ಥವೇನೂ ಇಲ್ಲ.

ಕಪ್ಪು ಕಾಯಿಯವನು ಎರಡನೆಯ ನಡೆಯಲ್ಲಿ ತನ್ನ ಪದಾತಿಯನ್ನು ಕಾಯುವುದನ್ನು ಬಿಟ್ಟು, ನೀನು ನನ್ನದನ್ನು ನೋಡಿದರೆ ನಾನು ನಿನ್ನದನ್ನು ನೋಡುತ್ತೇನೆ ಎಂದು ಕುದುರೆಯನ್ನು ಹಾರಿಸುತ್ತಾನೆ. ಅಂದರೆ ಈ ಓಪನಿಂಗಿನ ಹುಟ್ಟೇ ನಕಲಿನಲ್ಲಿದೆ, ಮತ್ತು ಅದು ತಪ್ಪೇನೂ ಅಲ್ಲ. ಕಾರ್ಪೊವ್, ಯೂಸುಪೊವ್, ಕ್ರಾಮ್ನಿಕ್ ಅವರಂಥ ದೊಡ್ಡ ಗ್ರ್ಯಾಂಡ್‌ಮಾಸ್ಟರ್‌ಗಳು ಅದನ್ನು ನಂಬಿ ಆಡಿದ್ದಾರೆ. ಸೋಲಿಸಲಾಗದ, ಬೇಸರ ಹುಟ್ಟಿಸುವ ಓಪನಿಂಗ್ ಎಂಬ ಅಪಖ್ಯಾತಿಯೂ ಅದಕ್ಕಿದೆ. ಹಾಗಾದರೆ ನಕಲು ಎಲ್ಲಿ ಕೆಡುತ್ತದೆ? ಎದುರಾಳಿ ಮಾಡಿದ್ದನ್ನೆಲ್ಲ ಮಾಡುತ್ತ ಹೋಗಬಹುದು, ಆದರೆ ಅವನು ಕೊಟ್ಟ ಚೆಕ್ಕನ್ನು ನಕಲು ಮಾಡಲು ಆಗುವುದಿಲ್ಲ. ಚೆಕ್ ಬಿದ್ದವನು ಮೊದಲು ಅದಕ್ಕೆ ಉತ್ತರ ಕೊಡಬೇಕು. ಬಿಳಿಯವನಿಗೆ ಮೊದಲ ನಡೆ ಇರುವುದರಿಂದ ಆ ಚೆಕ್ ಕೊಡುವ ಸರದಿ ಸಾಮಾನ್ಯವಾಗಿ ಅವನಿಗೇ ಮೊದಲು ಬರುತ್ತದೆ. ಅಜ್ಜ ಹೇಳಿದ ಒಂದು ಹೆಜ್ಜೆ ಅದೇ. ಅದಕ್ಕಾಗಿ ಮೂರನೆಯ ನಡೆಯಲ್ಲಿ ನಕಲನ್ನು ಒಂದೇ ಒಂದು ಸಲ ನಿಲ್ಲಿಸಬೇಕು: ಡಿ6. ಅವನ ಕುದುರೆ ಹಿಂದಕ್ಕೆ ಹೋದ ಮೇಲೆ ಇ4ರ ಪದಾತಿಯನ್ನು ಹೊಡೆದರೆ ಲೆಕ್ಕ ಸಮ. ಮಾಡುವ ಕೆಲಸ ಅದೇ, ಹೊಡೆಯುವ ಪದಾತಿ ಅದೇ, ಒಂದು ನಡೆ ತಡ ಅಷ್ಟೇ.

ನನ್ನ 1992ರ ಸೋಲನ್ನು ಹೀಗೆಯೇ ವಿವರಿಸಿಕೊಂಡು ನಾನು ಬಹಳ ವರ್ಷ ನೆಮ್ಮದಿಯಿಂದಿದ್ದೆ. ನಕಲು ಮಾಡಿದೆ, ಸೋತೆ. ಕಾಞಂಗಾಡಿನಿಂದ ಬಂದ ಮೇಲೆ ಆ ಐದು ನಡೆಗಳನ್ನು ಮತ್ತೆ ಇಟ್ಟು ನೋಡಿದಾಗ, ಆ ವಿವರಣೆಯಲ್ಲಿ ಅರ್ಧ ಮಾತ್ರ ಸತ್ಯವಿದೆಯೆಂದು ಕಂಡಿತು. ಮೂರನೆಯ ನಡೆಯಲ್ಲಿ ಅವಸರಪಟ್ಟು ಹೊಡೆದ ಮೇಲೆ, ಮಂತ್ರಿ ಇ2ಕ್ಕೆ ಬಂದಾಗ, ಕಪ್ಪಿಗೆ ಉಳಿದಿರುವ ಒಳ್ಳೆಯ ನಡೆಯೆಂದರೆ ತನ್ನ ಮಂತ್ರಿಯನ್ನೂ ಇ7ಕ್ಕೆ ತರುವುದು. ಅದು ಶುದ್ಧ ನಕಲು! ಆಗ ಕುದುರೆ ಹೋದರೂ ಡಿ6ರಿಂದ ಅವನ ಕುದುರೆಯನ್ನು ಮರಳಿ ಪಡೆಯಬಹುದು. ಕೊನೆಗೆ ನಷ್ಟವಾಗುವುದು ಒಂದು ಪದಾತಿ ಮಾತ್ರ. ನಾನು ಮಂತ್ರಿಯನ್ನು ಕಳೆದುಕೊಂಡದ್ದು ನಕಲು ಮಾಡಿದ್ದರಿಂದಲ್ಲ. ಮೂರನೆಯ ನಡೆಯಲ್ಲಿ ಮಾಡಬಾರದಿದ್ದ ನಕಲನ್ನು ಮಾಡಿದೆ, ನಾಲ್ಕನೆಯದರಲ್ಲಿ ಮಾಡಲೇಬೇಕಾಗಿದ್ದ ನಕಲನ್ನು ಹೆದರಿ ಬಿಟ್ಟೆ.

ಇ2ರ ಆ ಮಂತ್ರಿ ನನ್ನಂಥ ಹುಡುಗರನ್ನಷ್ಟೇ ಕೆಡವಿದ್ದಲ್ಲ ಎಂಬುದು ಆಮೇಲೆ ಸಿಕ್ಕ ಸಮಾಧಾನ. 1988ರಲ್ಲಿ, ಸ್ವಿಜರ್ಲೆಂಡಿನ ಬೀಲ್‌ನಲ್ಲಿ, ಹದಿನೆಂಟರ ವಿಶ್ವನಾಥನ್ ಆನಂದ್ ಕೊಲಂಬಿಯದ ಅಲೋನ್ಸೊ ಸಪಾಟಾ ಎದುರು ಇದೇ ಪೆಟ್ರಾಫ್ ಆಡಿದರು. ನಮ್ಮ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದೂ ಅದೇ ವರ್ಷ. ಮೂರನೆಯ ನಡೆಯಲ್ಲಿ ಅವರು ಡಿ6 ಆಡಿದರು, ಬಿಳಿ ಕುದುರೆ ಎಫ್3ಕ್ಕೆ ಮರಳಿತು, ಆನಂದ್ ಇ4ರ ಪದಾತಿಯನ್ನು ಹೊಡೆದರು. ಸಪಾಟಾ ಇನ್ನೊಂದು ಕುದುರೆಯನ್ನು ಸಿ3ಕ್ಕೆ ತಂದಾಗ ಆನಂದ್ ಒಂಟೆಯನ್ನು ಎಫ್5ಕ್ಕೆ ತಂದು ಇ4ರ ಕುದುರೆಗೆ ಬೆಂಬಲ ಕೊಟ್ಟರು. ಆರನೆಯ ನಡೆ: ಮಂತ್ರಿ ಇ2ಕ್ಕೆ. ಕುದುರೆಯ ಹಿಂದೆ ರಾಜನಿರುವುದರಿಂದ ಅದು ಅಲುಗುವಂತಿಲ್ಲ, ನಿಂತರೆ ಉಳಿಯುವಂತಿಲ್ಲ. ಆನಂದ್ ಅಲ್ಲಿಗೇ ಸೋಲೊಪ್ಪಿದರು. ನನಗೆ ಹೆಚ್ಚು ಬೆರಗು ತರುವುದು ಆ ಒಂಟೆಯ ನಡೆಯ ಹಿಂದಿನ ಕತೆ. ಹಿಂದಿನ ವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಟೋನಿ ಮೈಲ್ಸ್ ಎದುರು ಲ್ಯಾರಿ ಕ್ರಿಶ್ಚಿಯನ್ಸನ್ ಅದನ್ನೇ ಆಡಿದ್ದ, ಮೈಲ್ಸ್ ಮಂತ್ರಿಯನ್ನು ಇ2ಕ್ಕೆ ತಂದಿರಲಿಲ್ಲ, ಆಟ ಡ್ರಾ ಆಗಿ ಅಚ್ಚಾಗಿತ್ತು. ಅಚ್ಚಾದ ನಡೆಯಲ್ಲಿ ತಪ್ಪಿರಲಾರದೆಂದು ಯಾರಿಗೂ ಅನ್ನಿಸುತ್ತದೆ. ಪಕ್ಕದವನ ಅರ್ಜಿಯನ್ನು ನೋಡಿ ಹೊಸದುರ್ಗ ಎಂದು ಬರೆದವನಿಗಂತೂ ಅದು ಚೆನ್ನಾಗಿಯೇ ಅರ್ಥವಾಗುತ್ತದೆ.

ಮೂರು ದಶಕಗಳ ಬಳಿಕ, 2018ರ ನವೆಂಬರಿನಲ್ಲಿ, ಲಂಡನ್ನಿನ ವಿಶ್ವ ಚಾಂಪಿಯನ್‌ಶಿಪ್‌ನ ಆರನೆಯ ಪಂದ್ಯದಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಎದುರು ಫ್ಯಾಬಿಯಾನೊ ಕರುವಾನ ಇದೇ ಓಪನಿಂಗ್ ಆಡಿದರು. ಅಲ್ಲಿಯೂ ಐದನೆಯ ನಡೆಯಲ್ಲಿ ಮಂತ್ರಿ ಇ2ಕ್ಕೆ ಬಂತು. ಕರುವಾನ ತಮ್ಮ ಮಂತ್ರಿಯನ್ನು ಇ7ಕ್ಕೆ ತಂದರು. ಮುಂದಿನದು ಯಕ್ಷಗಾನದ ಜೋಡಿ ಕುಣಿತದಂತಿದೆ. ಬಿಳಿ ಕುದುರೆ ಡಿ5ಕ್ಕೆ ಹಾರಿ ಕಪ್ಪು ಮಂತ್ರಿಯನ್ನು ಗುರಿ ಮಾಡಿತು, ಕಪ್ಪು ಕುದುರೆ ಡಿ4ಕ್ಕೆ ಹಾರಿ ಬಿಳಿ ಮಂತ್ರಿಯನ್ನು. ಅದು ಇದನ್ನು ಹೊಡೆಯಿತು, ಇದು ಅದನ್ನು ಹೊಡೆಯಿತು, ಎರಡೂ ಕುದುರೆಗಳು ಮತ್ತೆ ಅದೇ ಡಿ5, ಡಿ4ಗಳಿಗೆ ಮರಳಿದವು. ಒಂಬತ್ತು ನಡೆಗಳಾಗುವಾಗ ಹಲಗೆಯ ಮೇಲೆ ಎರಡು ಮಂತ್ರಿಗಳೂ ಇಲ್ಲ, ಉಳಿದದ್ದು ಹೆಚ್ಚುಕಡಿಮೆ ಕನ್ನಡಿಯ ಬಿಂಬ. ಮಕ್ಕಳಾಟದಂತೆ ಕಾಣುವ ಇದರಿಂದ ಹುಟ್ಟಿದ ಪಂದ್ಯ 80 ನಡೆ ಸಾಗಿತು, ಕೊನೆಯಲ್ಲಿ ಡ್ರಾಕ್ಕಾಗಿ ಪಾಡುಪಟ್ಟದ್ದು ವಿಶ್ವ ಚಾಂಪಿಯನ್ನೇ. ಆ ವರ್ಷದ ಹನ್ನೆರಡೂ ಪಂದ್ಯಗಳು ಡ್ರಾ ಆಗಿ, ಕ್ಷಿಪ್ರ ಸುತ್ತಿನಲ್ಲಿ ಕಾರ್ಲ್‌ಸನ್ ಕಿರೀಟ ಉಳಿಸಿಕೊಂಡರು. ನಾನು ಆ ಆರನೆಯ ಪಂದ್ಯವನ್ನು ಅಜ್ಜನ ಹಲಗೆಯ ಮೇಲೆ ಇಟ್ಟು ನೋಡಿದ್ದೇನೆ. ಹಲಗೆಯಲ್ಲಿ ಕಪ್ಪು ಬಿಳಿ ಮನೆಗಳಿಲ್ಲ, ಬರೀ ಗೆರೆಗಳು. ಎರಡು ಸಲ ದಾರಿ ತಪ್ಪಿತು.

ಮತ್ತೆ ಕಾಞಂಗಾಡು

ಎಫ್6ರ ಕುದುರೆಯನ್ನು ಹಿಡಿದುಕೊಂಡೇ ನಾನು ಅದಕ್ಕಿದ್ದ ದಾರಿಗಳನ್ನು ಎಣಿಸಿದೆ. ಹೊರಟಲ್ಲಿಗೇ, ಅಂದರೆ ಜಿ8ಕ್ಕೆ, ಮರಳಿಸಬಹುದಿತ್ತು. ಅದೊಂದು ಬಗೆಯ ಕ್ಷಮಾಪಣೆ, ಆದರೆ ಪದಾತಿಯೂ ಹೋಗಿ ಹೊತ್ತೂ ಹೋಗುತ್ತದೆ. ಇ4ರಲ್ಲಿ ಹೊಡೆದೆ. ಹುಡುಗಿ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದಳು. ಕೋಚುಗಳು ಈಗಿನ ಮಕ್ಕಳಿಗೆ ಹೀಗೆ ಕೂರಲು ಹೇಳಿಕೊಡುತ್ತಾರೆ. ಕೆಲಹೊತ್ತು ನೋಡಿ, ಬಲಗೈಯನ್ನು ಹೊರಗೆಳೆದು, ಮಂತ್ರಿಯನ್ನು ಇ2ರಲ್ಲಿಟ್ಟು, ಗಡಿಯಾರ ಒತ್ತಿ, ಕೈಯನ್ನು ಮತ್ತೆ ತೊಡೆಯ ಕೆಳಗಿಟ್ಟಳು.

ಈ ಸಲ ನಾನು ಮಂತ್ರಿಯನ್ನು ಇ7ಕ್ಕೆ ತಂದೆ. ಅವಳು ಕುದುರೆಯನ್ನು ಹೊಡೆದಳು, ನಾನು ಡಿ6, ಅವಳು ಡಿ4, ಇ5ರಲ್ಲಿ ಒಂದು ಕೊಟ್ಟು ಒಂದು ತೆಗೆದುಕೊಂಡ ಮೇಲೆ ಅವಳಿಗೆ ಒಂದು ಪದಾತಿ ಹೆಚ್ಚು. ಅನಂತರದ ಆಟದಲ್ಲಿ ಹೇಳುವಂಥದ್ದೇನಿಲ್ಲ. ಇಬ್ಬರಿಗೂ ಒಂದೊಂದು ಆನೆ, ಒಂದೇ ಬದಿಯಲ್ಲಿ ಅವಳಿಗೆ ನಾಲ್ಕು ಪದಾತಿ, ನನಗೆ ಮೂರು. ತಾಳ್ಮೆಯಿದ್ದರೆ ಡ್ರಾ ಮಾಡಿಕೊಳ್ಳಬಹುದಾದ ಸ್ಥಿತಿ ಎಂದು ಪುಸ್ತಕಗಳು ಹೇಳುತ್ತವೆ. ಕೊನೆಯ ಎರಡು ನಿಮಿಷ ಇಬ್ಬರ ಕೈಯೂ ನಡುಗುತ್ತಿತ್ತು. ಡ್ರಾ ಆಯಿತು. ಅವಳ ಮುಖ ಸಣ್ಣದಾಯಿತು. ನನಗೆ ಅರ್ಧ ಅಂಕ ಸಿಕ್ಕಿದ ಸಂತೋಷವನ್ನು ಮುಚ್ಚಿಕೊಳ್ಳಲು ಕಷ್ಟವಾಯಿತೆಂದು ಒಪ್ಪಿಕೊಳ್ಳಬೇಕು.

ಹೊರಗೆ, ವರಾಂಡದ ಬೆಂಚಿನ ಮೇಲೆ, ಅವಳು ತನ್ನ ಚೀಲದಿಂದ ಮಡಚುವ ಬೋರ್ಡೊಂದನ್ನು ತೆಗೆದು ನನ್ನನ್ನು ಕರೆದಳು. ಕೊನೆಯ ಆಟದಲ್ಲಿ ತಾನೆಲ್ಲಿ ಜಾರಿದೆ ಎಂದು ನೋಡಬೇಕಿತ್ತು ಅವಳಿಗೆ. ಮಾತು ಮಲಯಾಳದಲ್ಲಿ, ಆದರೆ ಅವಳ ಬಾಯಲ್ಲಿ ಆನೆಯೂ ಇಲ್ಲ, ತೇರೂ ಇಲ್ಲ, ಎಲ್ಲವೂ ಬಿಷಪ್, ರೂಕ್, ನೈಟ್. ನನ್ನ ತಂಗಿಯ ಮಗ ಕನ್ನಡದಲ್ಲಿ ಮಾತಾಡುವಾಗಲೂ ಹಾಗೆಯೇ. ನಾನು ಮರೆತು ಒಮ್ಮೆ ಒಂಟೆ ಎಂದಾಗ ಅವಳು ತಲೆಯೆತ್ತಿ, “ಒಟ್ಟಗಮೋ?” ಎಂದು ಕೇಳಿ, ಬಿಷಪ್ಪನ್ನು ಕೈಯಲ್ಲಿ ಹಿಡಿದು ಎಲ್ಲಿಯಾದರೂ ಡುಬ್ಬ ಕಾಣುತ್ತದೆಯೇ ಎಂದು ತಿರುಗಿಸಿ ನೋಡಿದಳು.

ಆನೆಯ ಆಟವನ್ನು ನೋಡಿ ಮುಗಿದ ಮೇಲೆ ಅವಳು ಕಾಯಿಗಳನ್ನೆಲ್ಲ ಮೊದಲಿನಂತೆ ಜೋಡಿಸಿ, ಬಿಳಿಯ ಮೂರು ನಡೆ, ಕಪ್ಪಿನ ಎರಡು ನಡೆ ತಾನೇ ಆಡಿ, ಕುದುರೆಯನ್ನು ಇ5ರಲ್ಲಿಟ್ಟು ನಿಲ್ಲಿಸಿದಳು. “ಆದ್ಯಂ ಕುದಿರಯೆ ಓಡಿಕ್ಕಣಂ,” ಎಂದಳು. ಮೊದಲು ಕುದುರೆಯನ್ನು ಓಡಿಸಬೇಕು. ನೈಟ್ ಎನ್ನದೆ ಕುದಿರ ಎಂದದ್ದು ಒಂಟೆ ಎಂದ ಈ ಮಾಮನಿಗೆ ಅರ್ಥವಾಗಲೆಂದೇ ಇರಬೇಕು. ನನಗೆ ಗೊತ್ತು ಎಂದೆ. ಗೊತ್ತಿದ್ದರೆ ಮತ್ತೇಕೆ ಮುಟ್ಟಿದಿರಿ ಎಂದು ಅವಳು ಕೇಳಲಿಲ್ಲ. “ಇನಿ ಅಂಕಿಳಿನ್ಡೆ ಮೂವ್,” ಇನ್ನು ಅಂಕಲ್‌ನ ನಡೆ, ಎಂದು ಹೇಳಿ, ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕಾದಳು.

ನನ್ನ ಬಲಗೈ ಆಗಲೇ ಬೆಂಚಿನಿಂದ ಮೇಲೆದ್ದಿತ್ತು. ಅದಕ್ಕೆ ಏನಾದರೂ ಕೆಲಸ ಕೊಡಬೇಕೆಂದು ಜೇಬಿನೊಳಗೆ ತುರುಕಿದೆ. ಅಲ್ಲಿ ಇದ್ದದ್ದು ಬೆಳಿಗ್ಗಿನ ರೈಲು ಟಿಕೆಟ್ ಒಂದೇ. ಅದನ್ನು ಹೊರಗೆ ತೆಗೆದು, ಅಂಚು ನೇರ ಮಾಡಿ, ಎರಡಾಗಿ ಮಡಚಿ, ಮತ್ತೆ ಎರಡಾಗಿ ಮಡಚಿ, ಒಳಕ್ಕೆ ಹಾಕಿ, ಬೆರಳನ್ನು ಪ್ಯಾಂಟಿಗೆ ಒರಸಿಕೊಂಡು, ಡಿ7ರ ಪದಾತಿಯನ್ನು ಒಂದು ಮನೆ ಮುಂದೆ ಇಟ್ಟೆ.